ದುಡಿಮೆ, ದುಡ್ಡು ಮತ್ತು ಎರಡು ಪ್ರಶ್ನೆಗಳು

ಬೇಸಿಗೆಯಲ್ಲಿ ಎಸ್ಸೆಸ್ಸೆಲ್ಸಿ ಮತ್ತು ಪಿಯುಸಿ ಫಲಿತಾಂಶಗಳು ಪ್ರಕಟವಾದ ಮೇಲೆ ನಮ್ಮ ಮಲೆನಾಡಿನ ಮೊಹಲ್ಲಾಗಳಲ್ಲಿ ಒಂದೇ ಬಗೆಯ ಸಮಾಲೋಚನೆ ನಡೆಯುತ್ತದೆ. ಮಕ್ಕಳನ್ನು ಯಾವ ಓದಿಗೆ ಸೇರಿಸುವುದು, ಯಾವ ಉದ್ಯೋಗಕ್ಕೆ ಅಣಿಗೊಳಿಸುವುದು ಎಂದು ಹೆತ್ತವರು ಚಿಂತಿಸುತ್ತಾರೆ. ಮದ್ರಸದಲ್ಲಿ ಕಲಿಸುವವನಾದ್ದರಿಂದ ನನ್ನ ಬಳಿಗೂ ಹಲವರು ಬಂದು ಅಭಿಪ್ರಾಯ ಕೇಳುವುದುಂಟು. ಇಷ್ಟು ವರ್ಷಗಳ ಈ ಮಾತುಕತೆಗಳಲ್ಲಿ ಒಂದು ಸಂಗತಿಯನ್ನು ಗಮನಿಸಿದ್ದೇನೆ. ಯಾವ ಉದ್ಯೋಗದ ಹೆಸರು ಎತ್ತಿದರೂ ಅವರ ಬಾಯಿಂದ ಬರುವುದು ಎರಡೇ ಪ್ರಶ್ನೆಗಳು: ಸಂಬಳ ಎಷ್ಟು? ಕೆಲಸ ಕಾಯಂ ಆಗುತ್ತದೆಯೇ? ಹೀಗೆ ಕೇಳುವ ತಂದೆತಾಯಿಯರನ್ನು ನಾನು ಹಳಿಯಲಾರೆ. ಆಷಾಢದ ಮಳೆಯಲ್ಲಿ ವಾರಗಟ್ಟಲೆ ಕೂಲಿ ಸಿಗದಿದ್ದಾಗ ಒಲೆ ಹೇಗೆ ಉರಿಯುತ್ತದೆ ಎಂಬುದನ್ನು ಬಲ್ಲ ಮನೆಗಳಲ್ಲಿ ಈ ಪ್ರಶ್ನೆಗಳು ಹುಟ್ಟುತ್ತವೆ. ಆದರೂ ಆ ಎರಡು ಪ್ರಶ್ನೆಗಳಿಗೆ ನಮ್ಮ ಈ ಬೆಟ್ಟಗಳೇ ಎಂತಹ ಉತ್ತರ ಕೊಟ್ಟಿವೆ ಎಂಬುದನ್ನು ಒಮ್ಮೆ ಸಾವಧಾನವಾಗಿ ನೋಡಬೇಕೆಂದು ನನಗನಿಸುತ್ತದೆ.

ನನ್ನ ವಿಷಯವನ್ನು ಮೊದಲು ಹೇಳಿಬಿಡುವುದು ನ್ಯಾಯ. ನನ್ನ ತಂದೆಯವರು ಚಾರ್ಮಾಡಿ ಘಾಟಿ ಹತ್ತಿ ಮೂಡಿಗೆರೆ ಸೀಮೆಗೆ ಬಂದವರು. ಮೊದಲು ಒಣಮೀನು ಹಾಗೂ ಬಟ್ಟೆಯ ಗಂಟುಗಳನ್ನು ಹೊತ್ತು ತೋಟದ ಲೈನುಮನೆಗಳಿಗೆ ಹೋಗಿ ಮಾರುತ್ತಿದ್ದರು. ಮುಂದೆ ಅಕ್ಷರಜ್ಞಾನವಿದ್ದ ಕಾರಣ ಒಂದು ಕಾಫಿ ತೋಟದಲ್ಲಿ ರೈಟರ್ ಆದರು. ಮನೆಯಲ್ಲಿ ಬ್ಯಾರಿ, ಮದ್ರಸದಲ್ಲಿ ಅರಬಿ, ಶಾಲೆಯಲ್ಲಿ ಕನ್ನಡ ಎಂಬ ಮೂರು ಭಾಷೆಗಳ ನಡುವೆ ನಾವು ಬೆಳೆದೆವು. ನಾನು ದರ್ಸ್ ಮುಗಿಸಿದ ಕಾಲದಲ್ಲಿ ನನ್ನ ವಯಸ್ಸಿನವರು ಒಬ್ಬೊಬ್ಬರಾಗಿ ಗಲ್ಫಿಗೆ ಹೊರಟಿದ್ದರು. ನನಗೂ ಒಂದು ವೀಸಾದ ಮಾತು ಬಂದಿತ್ತು. ಅಣ್ಣ ಹೋದರು, ನಾನು ಉಳಿದೆ. ಬೆಳಿಗ್ಗೆ ಮತ್ತು ಸಂಜೆ ಮದ್ರಸದ ಪಾಠ, ನಡುವಿನ ಹಗಲಿನಲ್ಲಿ ಓದು. ಹೀಗೆ ದೂರಶಿಕ್ಷಣದ ಮೂಲಕ ಕನ್ನಡದಲ್ಲಿ ಬಿ.ಎ. ಮಾಡಿಕೊಂಡೆ. ಇದನ್ನು ತ್ಯಾಗವೆಂದು ಯಾರೂ ಭಾವಿಸಬೇಕಾಗಿಲ್ಲ. ಅಕ್ಷರವೇ ತಿಳಿಯದಿದ್ದ ಮಗುವೊಂದು ಮೊದಲ ಬಾರಿಗೆ ಕೂಡಿಸಿ ಓದಿದಾಗ ಅದರ ಮುಖದಲ್ಲಿ ಕಾಣುವ ಬೆಳಕು ನನಗೆ ಇಷ್ಟವಾಗಿತ್ತು, ಅಷ್ಟೆ. ಅಣ್ಣನ ಹಣದಿಂದ ತಂದೆಯವರ ಚಿಕಿತ್ಸೆ ನಡೆಯಿತು, ತಂಗಿಯರ ಮದುವೆಯಾಯಿತು. ನನ್ನ ಸಂಬಳದಿಂದ ಅವೆಲ್ಲ ಸಾಧ್ಯವಿರಲಿಲ್ಲ. ಆದ್ದರಿಂದ ಹಣ ಮುಖ್ಯವಲ್ಲ ಎಂಬ ಮಾತನ್ನು ಈ ಬರಹದಲ್ಲಿ ನಾನು ಹೇಳುವುದಿಲ್ಲ. ಹಾಗೆ ಹೇಳುವ ಅಧಿಕಾರ ನನಗಿಲ್ಲ.

ಮೊದಲಿಗೆ 'ಕಾಯಂ' ಎಂಬ ಪ್ರಶ್ನೆಯನ್ನೇ ತೆಗೆದುಕೊಳ್ಳೋಣ. ಕಳಸದಿಂದ ಭದ್ರಾ ನದಿಯ ಮೂಲದ ಕಡೆಗೆ ಹೋದರೆ ಕುದುರೆಮುಖ ಸಿಗುತ್ತದೆ. 1976ರಲ್ಲಿ ಅಲ್ಲಿ ಕೇಂದ್ರ ಸರ್ಕಾರದ ಕಬ್ಬಿಣದ ಅದಿರಿನ ಕಂಪೆನಿ ಆರಂಭವಾಯಿತು. ಇರಾನಿನ ಷಾ ಅವರ ಸರ್ಕಾರ ಅದಕ್ಕೆ ಸಾಲ ಕೊಟ್ಟು, ಅದಿರನ್ನು ಕೊಳ್ಳಲು ಒಪ್ಪಿತ್ತು. 1979ರಲ್ಲಿ ಅಲ್ಲಿ ಕ್ರಾಂತಿಯಾಯಿತು, ಒಪ್ಪಂದ ಅಂದುಕೊಂಡಂತೆ ನಡೆಯಲಿಲ್ಲ. ಕಂಪೆನಿ ಬೇರೆ ಗಿರಾಕಿಗಳನ್ನು ಹುಡುಕಿಕೊಂಡಿತು. ಅದಿರನ್ನು ಪುಡಿಮಾಡಿ, ನೀರಿನೊಂದಿಗೆ ಬೆರೆಸಿ, ಘಟ್ಟದ ಮೇಲಿನಿಂದ ಸುಮಾರು 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಮಂಗಳೂರಿಗೆ ಹರಿಸಲಾಗುತ್ತಿತ್ತು. ಕಾಡಿನ ನಡುವೆ ಒಂದು ಪಟ್ಟಣವೇ ಎದ್ದು ನಿಂತಿತು. ಶಾಲೆ, ಆಸ್ಪತ್ರೆ, ಸಾಲುಸಾಲು ವಸತಿಗೃಹಗಳು ಬಂದವು. ನಾನು ಚಿಕ್ಕವನಿದ್ದಾಗ ನಮ್ಮ ಸೀಮೆಯಲ್ಲಿ 'ಕುದುರೆಮುಖದಲ್ಲಿ ಕೆಲಸ' ಎಂದರೆ ಅದಕ್ಕಿಂತ ಭದ್ರವಾದದ್ದು ಇನ್ನೊಂದಿಲ್ಲ ಎಂಬ ಭಾವನೆಯಿತ್ತು. ಅಂತಹ ವರನಿಗೆ ಹೆಣ್ಣು ಕೊಡಲು ಯಾರೂ ಹಿಂದೆಮುಂದೆ ನೋಡುತ್ತಿರಲಿಲ್ಲ.

1987ರಲ್ಲಿ ಆ ಕಾಡು ರಾಷ್ಟ್ರೀಯ ಉದ್ಯಾನವಾಯಿತು. ಗಣಿಗಾರಿಕೆಯಿಂದ ಕಾಡಿಗೂ ಭದ್ರೆಗೂ ಆಗುವ ಹಾನಿಯ ಕುರಿತು ಹೋರಾಟ ನಡೆದು, ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ನ್ಯಾಯಾಲಯದ ಆದೇಶದಂತೆ 2005ರ ಅಂತ್ಯಕ್ಕೆ ಗಣಿಗಾರಿಕೆ ನಿಂತಿತು. ಆ ತೀರ್ಪಿನ ಫಲವಾಗಿ ಕಾಡು ಉಳಿಯಿತು, ನದಿ ಉಳಿಯಿತು; ಅದರ ಬಗ್ಗೆ ನನಗೆ ತಕರಾರಿಲ್ಲ. ಆದರೆ ಆ ಪಟ್ಟಣ ಬರಿದಾಯಿತು. ಇಂದು ಕುದುರೆಮುಖದ ಹಾದಿಯಲ್ಲಿ ಸಾಗುವವರಿಗೆ ಬಾಗಿಲು ಮುಚ್ಚಿದ ಮನೆಗಳೂ, ಗೋಡೆಗೆ ಹಬ್ಬಿದ ಪಾಚಿಯೂ, ಹುಲ್ಲು ಬೆಳೆದ ಅಂಗಳಗಳೂ ಕಾಣುತ್ತವೆ. ಅಲ್ಲಿ ದುಡಿದವರು ಪ್ರಾಮಾಣಿಕವಾಗಿ ದುಡಿದವರೇ. ಅವರ ಯಾವ ತಪ್ಪಿಗೂ ಆ ಊರು ಖಾಲಿಯಾಗಲಿಲ್ಲ. ಇರಾನಿನ ಒಂದು ಕ್ರಾಂತಿಗೂ ದೆಹಲಿಯ ಒಂದು ತೀರ್ಪಿಗೂ ನಮ್ಮ ಕಳಸದ ಮನೆಗಳ ಅನ್ನಕ್ಕೂ ನಂಟಿತ್ತು ಎಂಬುದು ಆಗಷ್ಟೇ ಎಲ್ಲರಿಗೂ ತಿಳಿದದ್ದು. ಮನುಷ್ಯರು 'ಕಾಯಂ' ಎಂದು ಬರೆದುಕೊಡುವ ಕಾಗದಕ್ಕೂ ಒಂದು ಆಯುಷ್ಯವಿದೆ.

ಇನ್ನು 'ಎಷ್ಟು' ಎಂಬ ಪ್ರಶ್ನೆ. ಇದಕ್ಕೆ ಕಾಫಿಗಿಂತ ಉತ್ತಮ ಸಾಕ್ಷಿ ಬೇಕಾಗಿಲ್ಲ. ಯಮನಿನ ಮೊಕಾ ಬಂದರಿನ ಕಡೆಯಿಂದ ಬಾಬಾ ಬುಡನ್ ಅವರು ಏಳು ಬೀಜಗಳನ್ನು ತಂದು ಚಿಕ್ಕಮಗಳೂರಿನ ಬೆಟ್ಟದಲ್ಲಿ ಬಿತ್ತಿದರೆಂಬುದು 17ನೇ ಶತಮಾನದ ಐತಿಹ್ಯ. ಆ ಬೆಟ್ಟಕ್ಕೆ ಇಂದಿಗೂ ಅವರದೇ ಹೆಸರು. ಅಂದಿನಿಂದ ಇಂದಿನವರೆಗೆ ಗಿಡ ಬೇಡುವ ದುಡಿಮೆಯಲ್ಲಿ ದೊಡ್ಡ ವ್ಯತ್ಯಾಸವಾಗಿಲ್ಲ. ಮಾರ್ಚ್, ಏಪ್ರಿಲ್‌ನಲ್ಲಿ ಹೂಮಳೆ ಬೀಳಬೇಕು, ಆ ಬಳಿಕ ಕಾಯಿ ಕಟ್ಟಲು ಇನ್ನೊಂದು ಮಳೆ ಬೇಕು. ನೆರಳು ಕಡಿಯಬೇಕು, ಕಸಿ ಮಾಡಬೇಕು, ಅರೇಬಿಕಾ ಗಿಡಕ್ಕೆ ಕಾಂಡಕೊರಕ ಹತ್ತಿದೆಯೇ ಎಂದು ಬುಡಬುಡವೂ ನೋಡಬೇಕು. ಚಳಿಗಾಲದಲ್ಲಿ ಹಣ್ಣನ್ನು ಒಂದೊಂದಾಗಿ ಬಿಡಿಸಬೇಕು. ದುಡಿಮೆ ಹೀಗೆ ಒಂದೇ ಆಗಿದ್ದರೂ ಅದರ ಬೆಲೆ ಮಾತ್ರ ಎಂದೂ ಒಂದೇ ಆಗಿರಲಿಲ್ಲ.

ಒಂದು ಕಾಲದಲ್ಲಿ, 1942ರ ಕಾಫಿ ಕಾಯ್ದೆಯಂತೆ, ಬೆಳೆಗಾರರು ತಮ್ಮ ಬೆಳೆಯನ್ನು ಕಾಫಿ ಮಂಡಳಿಯ ಪೂಲ್‌ಗೆ ಒಪ್ಪಿಸಬೇಕಿತ್ತು. ಮಂಡಳಿ ಹರಾಜು ಹಾಕಿ, ಬಂದ ಹಣವನ್ನು ಕಂತುಕಂತಾಗಿ ಕೊಡುತ್ತಿತ್ತು. 1989ರಲ್ಲಿ ಅಂತರರಾಷ್ಟ್ರೀಯ ಒಪ್ಪಂದದ ಕೋಟಾ ವ್ಯವಸ್ಥೆ ಕುಸಿಯಿತು. 1990ರ ದಶಕದಲ್ಲಿ ಹಂತಹಂತವಾಗಿ ಪೂಲ್ ವ್ಯವಸ್ಥೆಯೂ ಮುಗಿದು, 1996ರ ಹೊತ್ತಿಗೆ ಬೆಳೆಗಾರರು ತಮ್ಮ ಕಾಫಿಯನ್ನು ತಾವೇ ಮಾರುವಂತಾಯಿತು. ಇದರ ನಡುವೆ 1994ರಲ್ಲಿ ಬ್ರೆಜಿಲ್‌ನಲ್ಲಿ ಹೆಪ್ಪುಗಟ್ಟುವ ಇಬ್ಬನಿ ಬಿದ್ದು ಬೆಲೆ ಏರಿತು, ನಮ್ಮೂರಿನಲ್ಲಿ ಹೊಸ ಜೀಪುಗಳು ಓಡಾಡಿದವು. 2001-02ರಲ್ಲಿ ಜಗತ್ತಿನ ಕಾಫಿ ಬೆಲೆ ಮೂವತ್ತು ವರ್ಷಗಳಲ್ಲೇ ಅತಿ ಕೆಳಮಟ್ಟಕ್ಕೆ ಇಳಿಯಿತು. ಆಗ ನಾನು ಇಪ್ಪತ್ತರ ಹರೆಯದವನು. ಹಣ್ಣು ಬಿಡಿಸುವ ಕೂಲಿಯೂ ಹುಟ್ಟುವುದಿಲ್ಲವೆಂದು ಕೆಲವರು ಹಣ್ಣನ್ನು ಗಿಡದಲ್ಲೇ ಬಿಟ್ಟದ್ದನ್ನು ಕಣ್ಣಾರೆ ಕಂಡಿದ್ದೇನೆ. ತಂದೆಯವರ ಸಂಬಳ ತಿಂಗಳುಗಳ ಕಾಲ ಬಾಕಿ ಉಳಿಯಿತು. 2025ರ ಫೆಬ್ರುವರಿಯಲ್ಲಿ ನ್ಯೂಯಾರ್ಕ್ ಮಾರುಕಟ್ಟೆಯಲ್ಲಿ ಅದೇ ಅರೇಬಿಕಾ, ಪೌಂಡಿಗೆ ನಾಲ್ಕು ಡಾಲರನ್ನೂ ಮೀರಿ ದಾಖಲೆ ಬರೆಯಿತು. 2001ರ ಬೆಳೆಗಾರ ಸೋಮಾರಿಯಾಗಿರಲಿಲ್ಲ, 2025ರ ಬೆಳೆಗಾರ ಹೆಚ್ಚು ಜಾಣನೂ ಅಲ್ಲ. ಅರೇಬಿಕಾದ ದರ ನ್ಯೂಯಾರ್ಕಿನಲ್ಲಿ, ರೊಬಸ್ಟಾದ ದರ ಲಂಡನ್ನಿನಲ್ಲಿ ತೀರ್ಮಾನವಾಗುತ್ತದೆ. ಮೂಡಿಗೆರೆಯ ಬೆವರಿನ ಬೆಲೆಯನ್ನು ಬ್ರೆಜಿಲ್‌ನ ಮಳೆ ನಿರ್ಧರಿಸುತ್ತದೆ.

ಬದುಕು ಕಲಿಸುವ ಈ ಪಾಠವನ್ನು ನಮ್ಮ ಧರ್ಮ ಎಂದೋ ತಿಳಿಸಿಕೊಟ್ಟಿದೆ. ಜೀವನಾಧಾರವನ್ನು ಹಿಗ್ಗಿಸುವವನೂ ಕುಗ್ಗಿಸುವವನೂ ಅಲ್ಲಾಹನೇ ಎಂದು ಪವಿತ್ರ ಕುರ್‌ಆನ್ ಮತ್ತೆಮತ್ತೆ ನೆನಪಿಸುತ್ತದೆ. ಆದರೆ ಇದರಿಂದ ಕೈಕಟ್ಟಿ ಕುಳಿತುಕೊಳ್ಳುವ ಪಾಠವನ್ನು ಯಾರೂ ಕಲಿಯಬಾರದು. ಜುಮಾ ನಮಾಝ್ ಮುಗಿದ ಬಳಿಕ ಭೂಮಿಯಲ್ಲಿ ಚದುರಿಹೋಗಿ ಅವನ ಅನುಗ್ರಹವನ್ನು ಅರಸಿರೆಂದು ಹೇಳಿದ್ದೂ ಅದೇ ಗ್ರಂಥ. ಪ್ರವಾದಿವರ್ಯರು (ಸ) ಬಾಲ್ಯದಲ್ಲಿ ಮಕ್ಕಾದವರ ಕುರಿಗಳನ್ನು ಕೂಲಿಗೆ ಕಾಯ್ದವರು, ಯೌವನದಲ್ಲಿ ವ್ಯಾಪಾರ ಮಾಡಿದವರು. ದಾವೂದ್ (ಅ) ಅರಸರಾಗಿದ್ದೂ ತಮ್ಮ ಕೈ ದುಡಿಮೆಯಿಂದಲೇ ಉಂಡರು. ಝಕರಿಯ್ಯಾ (ಅ) ಬಡಗಿಯಾಗಿದ್ದರು. ಅಬ್ದುರ್ರಹ್ಮಾನ್ ಬಿನ್ ಔಫ್ (ರ) ಬರಿಗೈಯಲ್ಲಿ ಮದೀನಾಕ್ಕೆ ಬಂದಾಗ, ಅವರ ಅನ್ಸಾರಿ ಸಹೋದರ ಸಅದ್ ಬಿನ್ ರಬೀಅ್ (ರ) ತಮ್ಮ ಸಂಪತ್ತಿನ ಅರ್ಧವನ್ನೇ ಕೊಡಲು ಮುಂದಾದರು. ಅವರಿಗಾಗಿ ದುಆ ಮಾಡಿ, ಮಾರುಕಟ್ಟೆಯ ದಾರಿಯನ್ನಷ್ಟೇ ತೋರಿಸಿರೆಂದು ಇವರು ಕೇಳಿದರು. ಗಿಣ್ಣು ಮತ್ತು ಬೆಣ್ಣೆಯ ವ್ಯಾಪಾರದಿಂದ ಆರಂಭಿಸಿ ಮದೀನಾದ ದೊಡ್ಡ ಶ್ರೀಮಂತರಲ್ಲಿ ಒಬ್ಬರಾದರು. ಹೀಗಿರುವಾಗ ಯಾವ ಹಲಾಲ್ ದುಡಿಮೆಯೂ ಕೀಳಲ್ಲ, ಸಂಪತ್ತು ತಾನಾಗಿಯೇ ಪಾಪವೂ ಅಲ್ಲ.

ಹಾಗಾದರೆ ಉದ್ಯೋಗವನ್ನು ಆರಿಸುವಾಗ ಏನನ್ನು ಕೇಳಬೇಕು? ಇಲ್ಲಿ ನನಗೆ ದಾರಿ ತೋರಿಸಿರುವುದು ಪ್ರಸಿದ್ಧವಾದ ಒಂದು ಹದೀಸ್. ಅಂತ್ಯದಿನದಲ್ಲಿ ಕೆಲವು ಪ್ರಶ್ನೆಗಳಿಗೆ ಉತ್ತರಿಸದೆ ಮನುಷ್ಯನ ಪಾದಗಳು ಕದಲಲಾರವು ಎಂಬುದು ಅದರ ಸಾರ. ಆಯುಷ್ಯವನ್ನು ಹೇಗೆ ಕಳೆದೆ, ಯೌವನವನ್ನು ಯಾವುದರಲ್ಲಿ ಸವೆಸಿದೆ, ಅರಿತದ್ದರಲ್ಲಿ ಎಷ್ಟನ್ನು ಆಚರಿಸಿದೆ ಎಂದು ಆಗ ವಿಚಾರಿಸಲಾಗುವುದು. ಇವು ಒಂದೊಂದೇ ಪ್ರಶ್ನೆಗಳು. ಸಂಪತ್ತಿನ ಕುರಿತು ಮಾತ್ರ ಪ್ರಶ್ನೆ ಎರಡಾಗುತ್ತದೆ: ಎಲ್ಲಿಂದ ಗಳಿಸಿದೆ, ಯಾವುದಕ್ಕೆ ವ್ಯಯಿಸಿದೆ. ನಾನು ವೃತ್ತಿಯಿಂದ ಅಧ್ಯಾಪಕ. ಪ್ರಶ್ನೆಪತ್ರಿಕೆಯಲ್ಲಿ ಏನಿದೆ ಎಂಬುದರಷ್ಟೇ ಏನಿಲ್ಲ ಎಂಬುದನ್ನೂ ನೋಡುವ ಅಭ್ಯಾಸ ನನಗಿದೆ. 'ಎಷ್ಟು ಗಳಿಸಿದೆ' ಎಂಬ ಪ್ರಶ್ನೆ ಅಲ್ಲಿಲ್ಲ. ನಮ್ಮ ಕೈಯಲ್ಲಿಲ್ಲದ್ದನ್ನು ನಮ್ಮಿಂದ ಕೇಳಲಾಗುವುದಿಲ್ಲ. ಬೆಲೆ ನಮ್ಮ ಕೈಯಲ್ಲಿಲ್ಲ, ಕಾಯಂ ಆಗುವುದೂ ನಮ್ಮ ಕೈಯಲ್ಲಿಲ್ಲ. ಯಾವ ಬಾಗಿಲಿನಿಂದ ಹಣ ಒಳಗೆ ಬರಬೇಕು, ಯಾವ ಬಾಗಿಲಿನಿಂದ ಹೊರಗೆ ಹೋಗಬೇಕು ಎಂಬುದು ಮಾತ್ರ ನಮ್ಮ ಕೈಯಲ್ಲಿದೆ.

ಇದು ಕೇಳಲು ಸುಲಭ, ನಡೆಯಲು ಕಠಿಣ. ನನ್ನಲ್ಲಿ ಕಲಿತ ಒಬ್ಬ ಯುವಕನ ಪ್ರಸಂಗವನ್ನು ಹೇಳಬೇಕು. ಅವನ ಹೆಸರಾಗಲಿ ತೋಟದ ಹೆಸರಾಗಲಿ ಇಲ್ಲಿ ಅನಗತ್ಯ. ಪದವಿ ಮುಗಿಸಿ ಒಂದು ತೋಟದಲ್ಲಿ ರೈಟರ್ ಆಗಿ ಸೇರಿದ್ದ. ಕೊಯ್ಲಿನ ಕಾಲದಲ್ಲಿ ಸಂಜೆ ಹಣ್ಣಿನ ಚೀಲಗಳನ್ನು ತೂಗಿ, ಯಾರು ಎಷ್ಟು ಕಿಲೋ ಬಿಡಿಸಿದರೆಂದು ಬರೆದುಕೊಳ್ಳುವುದು ಅವನ ಕೆಲಸ. ಕೂಲಿ ಕಿಲೋ ಲೆಕ್ಕದಲ್ಲಿ. ಚೀಲದ ತೂಕ, ಇಬ್ಬನಿಯ ತೂಕ ಎಂಬ ನೆಪದಲ್ಲಿ ಪ್ರತಿ ಚೀಲದಿಂದ ನ್ಯಾಯವಾದುದಕ್ಕಿಂತ ಹೆಚ್ಚು ಕಳೆಯುವಂತೆ ಮೇಲಿನವರಿಂದ ಅವನಿಗೆ ಸೂಚನೆ ಬಂದಿತು. ಬಿಡಿಸುವವರಲ್ಲಿ ಹೆಚ್ಚಿನವರು ಹೊರರಾಜ್ಯದಿಂದ ಬಂದವರು, ತಕ್ಕಡಿಯ ಅಂಕಿಯನ್ನು ಪ್ರಶ್ನಿಸಲು ಭಾಷೆ ತಿಳಿಯದವರು. ಅವನು ನನ್ನ ಬಳಿಗೆ ಬಂದು, "ಉಸ್ತಾದ್, ಕಳೆಯುವವರು ಅವರು, ಬರೆಯುವವನು ಮಾತ್ರ ನಾನು. ಇದರಲ್ಲಿ ನನ್ನ ಪಾಲೇನು?" ಎಂದು ಕೇಳಿದ. ಅವನ ತಾಯಿಗೆ ಮಧುಮೇಹವಿತ್ತು, ಮನೆಗೆ ಸಾಲವಿತ್ತು. ನಾನು ಯಾವ ಫತ್ವಾವನ್ನೂ ಕೊಡಲಿಲ್ಲ. ಅಳತೆ ಮತ್ತು ತೂಕದಲ್ಲಿ ವಂಚಿಸಿದ್ದಕ್ಕಾಗಿ ಶುಐಬ್ (ಅ) ಅವರ ಜನಾಂಗಕ್ಕೆ ಬಂದ ಗತಿಯನ್ನು ಅವನು ಬಾಲ್ಯದಲ್ಲಿ ನನ್ನಿಂದಲೇ ಕಲಿತಿದ್ದ. ಉತ್ತರ ಗೊತ್ತಿದ್ದೇ ಅವನು ಬಂದಿದ್ದ. ಜೊತೆಗೆ ಕುಳಿತುಕೊಳ್ಳುವ ಒಬ್ಬರು ಅವನಿಗೆ ಬೇಕಾಗಿತ್ತು.

ಆ ತಿಂಗಳ ಕೊನೆಗೆ ಅವನು ಕೆಲಸ ಬಿಟ್ಟ. ಈಗ ಬಣಕಲ್, ಕೊಟ್ಟಿಗೆಹಾರದ ಕಡೆ ಒಂದು ಗೂಡ್ಸ್ ಆಟೋ ಓಡಿಸುತ್ತಾನೆ. ಇಂತಹ ಪ್ರಸಂಗಗಳನ್ನು ಹೇಳುವಾಗ ಕೊನೆಯಲ್ಲಿ ಅವನು ಶ್ರೀಮಂತನಾದ ಎಂದು ಸೇರಿಸುವ ರೂಢಿಯಿದೆ. ಅವನು ಶ್ರೀಮಂತನಾಗಿಲ್ಲ. ಅವನ ಗಳಿಕೆ ಮೊದಲಿಗಿಂತ ಕಡಿಮೆ, ಸಾಲ ಇನ್ನೂ ಪೂರ್ತಿ ತೀರಿಲ್ಲ. ಕುರ್ಚಿಯ ಕೆಲಸ ಬಿಟ್ಟನೆಂದು ತಾಯಿಗೆ ಇಂದಿಗೂ ಕೊರಗಿದೆ. ಅವನಿಗೆ ಸಿಕ್ಕಿದ ಪ್ರತಿಫಲ ನಮ್ಮ ಕಣ್ಣಿಗೆ ಕಾಣುವಂಥದ್ದಲ್ಲ, ಅದನ್ನು ಲೆಕ್ಕಹಾಕುವವನು ಬೇರೆ. ಇನ್ನೊಂದು ಕಹಿ ಸತ್ಯವನ್ನೂ ಹೇಳಬೇಕು. ಅವನು ಬಿಟ್ಟ ಜಾಗಕ್ಕೆ ಮರುವಾರವೇ ಇನ್ನೊಬ್ಬ ಬಂದ, ಚೀಲದ ತೂಕ ಮೊದಲಿನಂತೆಯೇ ಕಡಿತವಾಯಿತು. ಒಬ್ಬ ನೌಕರನ ತಖ್ವಾದಿಂದ ಅವನ ತುತ್ತು ಶುದ್ಧವಾಯಿತು, ಬಿಡಿಸುವವರ ಹಕ್ಕು ಅವರಿಗೆ ಸಿಗಲಿಲ್ಲ. ಅದು ಸಿಗಬೇಕಾದರೆ ಹೃದಯ ಬದಲಾಗಬೇಕಾದುದು ಕೊಡುವವರದ್ದು.

ಆದ್ದರಿಂದ 'ಎಷ್ಟು' ಎಂಬ ಪ್ರಶ್ನೆ ಎಲ್ಲಿ ಹೋಯಿತೆಂದು ಹುಡುಕಿದರೆ, ಅದು ಸಂಬಳ ಕೊಡುವವರ ಮನೆಬಾಗಿಲಿನಲ್ಲಿ ಕಾಯುತ್ತಿರುವುದು ಕಾಣುತ್ತದೆ. ದುಡಿದವನಿಗೆ ಎಷ್ಟು ಬಂತೆಂದು ಕೇಳಲಾಗದು. ದುಡಿಸಿಕೊಂಡವನಿಗೆ ಎಷ್ಟು ಕೊಟ್ಟೆಯೆಂದು ಖಂಡಿತ ಕೇಳಲಾಗುವುದು, ಏಕೆಂದರೆ ಅವನ ಗಳಿಕೆ 'ಎಲ್ಲಿಂದ' ಬಂತೆಂಬುದರ ಉತ್ತರ ಅದರಲ್ಲಿಯೇ ಇದೆ. ಕೂಲಿಯಾಳಿನ ಬೆವರು ಆರುವ ಮುನ್ನ ಅವನ ಕೂಲಿಯನ್ನು ಕೊಟ್ಟುಬಿಡಬೇಕೆಂಬುದು ಪ್ರವಾದಿವರ್ಯರ (ಸ) ಆದೇಶ. ಪೂರ್ತಿ ಕೆಲಸ ಮಾಡಿಸಿಕೊಂಡು ಕೂಲಿ ಕೊಡದವನ ವಿರುದ್ಧ ಅಂತ್ಯದಿನದಲ್ಲಿ ಸ್ವತಃ ಅಲ್ಲಾಹನೇ ವಾದಿಯಾಗಿ ನಿಲ್ಲುವನೆಂದೂ ಹದೀಸಿನಲ್ಲಿ ಬಂದಿದೆ. ಇಂದು ನಮ್ಮ ತೋಟಗಳಲ್ಲಿ ಅಸ್ಸಾಮಿನಿಂದ ಬಂದ ಎಷ್ಟೋ ಕುಟುಂಬಗಳು ದುಡಿಯುತ್ತಿವೆ. ಅವರಲ್ಲಿ ನಮ್ಮ ಸಾಲಿನಲ್ಲೇ ಭುಜಕ್ಕೆ ಭುಜ ತಾಗಿಸಿ ನಮಾಝ್ ಮಾಡುವವರೂ ಇದ್ದಾರೆ, ಬೇರೆ ಧರ್ಮದವರೂ ಇದ್ದಾರೆ. ಹಕ್ಕಿನ ವಿಷಯದಲ್ಲಿ ಅವರ ನಡುವೆ ಭೇದವಿಲ್ಲ. ನಮ್ಮ ಸಮುದಾಯದಲ್ಲಿಯೂ ಸಣ್ಣಪುಟ್ಟ ತೋಟಗಳಿರುವವರು, ಕಾಫಿ, ಮೆಣಸು, ಅಡಿಕೆಯ ವ್ಯಾಪಾರ ಮಾಡುವವರು ಹಲವರಿದ್ದಾರೆ. ಬೆಲೆ ಇಳಿದ ವರ್ಷ 'ಮಾರುಕಟ್ಟೆ ಚೆನ್ನಾಗಿಲ್ಲ' ಎಂದು ಕೂಲಿಯನ್ನು ಹಿಡಿದವರು, ಬೆಲೆ ಏರಿದ ವರ್ಷ ಅದೇ ಮಾರುಕಟ್ಟೆಯ ಮಾತನ್ನು ಕೂಲಿಯವರ ಮುಂದೆ ಎತ್ತಿದ್ದಾರೆಯೇ? ಪ್ರತಿಯೊಬ್ಬರೂ ತಮ್ಮ ಲೆಕ್ಕದ ಪುಸ್ತಕವನ್ನು ಒಮ್ಮೆ ತೆರೆದು ನೋಡಲಿ.

ಬೆಲೆ ಏರಿದ ಹೊತ್ತಿನಲ್ಲಿ ಝಕಾತಿನ ಒಂದು ಮಾತೂ ಪ್ರಸ್ತುತ. ನಮ್ಮ ಸೀಮೆಯಲ್ಲಿ ಶಾಫಿಈ ಮದ್‌ಹಬ್‌ನವರೂ ಹನಫಿಗಳೂ ಜೊತೆಜೊತೆಗೇ ಇದ್ದೇವೆ. ಬೆಳೆಯ ಮೇಲಿನ ಝಕಾತ್ ಶಾಫಿಈ ಮದ್‌ಹಬ್‌ನಲ್ಲಿ ಮುಖ್ಯ ಆಹಾರಧಾನ್ಯಗಳಿಗೂ ಖರ್ಜೂರ, ದ್ರಾಕ್ಷಿಗಳಿಗೂ ಸಂಬಂಧಿಸಿದ್ದು. ಇಮಾಮ್ ಅಬೂ ಹನೀಫಾ (ರಹ್) ಅವರ ಅಭಿಪ್ರಾಯದಲ್ಲಿ ಭೂಮಿಯಿಂದ ಬೆಳೆದು ಪಡೆಯುವ ಬಹುತೇಕ ಎಲ್ಲದರಲ್ಲೂ ಬಡವರ ಹಕ್ಕಿದೆ. ಮಳೆಯಿಂದ ಬೆಳೆದದ್ದರಲ್ಲಿ ಹತ್ತನೆಯ ಒಂದು ಭಾಗ, ಖರ್ಚು ಮಾಡಿ ನೀರುಣಿಸಿದ್ದರಲ್ಲಿ ಇಪ್ಪತ್ತನೆಯ ಒಂದು ಭಾಗ. ಕಾಫಿಗೆ ಬೆಳೆಯ ಝಕಾತ್ ಇಲ್ಲವೆಂದು ನಿರಾಳರಾಗುವ ಶಾಫಿಈ ಸಹೋದರರು, ಮಾರಿದ ಹಣ ನಿಸಾಬ್ ತಲುಪಿ ಒಂದು ಚಾಂದ್ರಮಾನ ವರ್ಷ ಕೈಯಲ್ಲಿ ಉಳಿದರೆ ಅದರ ಶೇಕಡಾ 2.5 ಭಾಗ ತಮ್ಮದಲ್ಲ ಎಂಬುದನ್ನು ಮರೆಯಬಾರದು. ವಿವರಗಳನ್ನು ತಮ್ಮತಮ್ಮ ವಿದ್ವಾಂಸರಲ್ಲಿ ಕೇಳಿ ತಿಳಿಯಲಿ.

ಕೊಡುವವರ ಸಾಲಿನಲ್ಲಿ ನಮ್ಮ ಮಸೀದಿ, ಮದ್ರಸಗಳ ಆಡಳಿತ ಸಮಿತಿಗಳೂ ನಿಲ್ಲುತ್ತವೆ. ಉಸ್ತಾದರಿಗೆ ಸಂಬಳ ಕಡಿಮೆಯಾದರೂ ಬರಕತ್ ಇದೆಯೆಂದು ಹೇಳುವ ರೂಢಿ ನಮ್ಮಲ್ಲಿದೆ. ಸಂತೃಪ್ತಿಯು ತನಗೆ ತಾನೇ ಹೇಳಿಕೊಳ್ಳಬೇಕಾದ ಉಪದೇಶ. ತಾನು ಕೊಡಬೇಕಾದವನಿಗೆ ಅದನ್ನು ಹೇಳಿದರೆ ಅದು ಸಾಲಗಾರನ ನೆಪವಾಗುತ್ತದೆ. ಅಬೂಬಕರ್ ಸಿದ್ದೀಕ್ (ರ) ಖಲೀಫರಾದ ಮೇಲೂ ಬಟ್ಟೆಯ ಗಂಟನ್ನು ಹೊತ್ತು ಮಾರುಕಟ್ಟೆಗೆ ಹೊರಟಿದ್ದರು. ಸಮುದಾಯದ ಕೆಲಸವೂ ಮನೆಯ ಸಂಪಾದನೆಯೂ ಒಟ್ಟಿಗೆ ಸಾಗದೆಂದು ಕಂಡು, ಉಮರ್ (ರ) ಮೊದಲಾದ ಸಹಾಬಿಗಳು ಬೈತುಲ್ ಮಾಲ್‌ನಿಂದ ಅವರ ಕುಟುಂಬಕ್ಕೆ ಸಾಕಾಗುವಷ್ಟು ವೇತನವನ್ನು ಗೊತ್ತುಪಡಿಸಿದರು. ಅಂತಹ ಮಹನೀಯರಿಗೂ ಬರಕತ್ತಿನ ಮಾತು ಹೇಳಿ ಕಳುಹಿಸಲಿಲ್ಲ, ಮನೆಯ ಅಕ್ಕಿಬೇಳೆಯ ಲೆಕ್ಕ ಹಾಕಿದರು. ಪ್ರತಿಭಾವಂತ ಮಕ್ಕಳು ಧಾರ್ಮಿಕ ಬೋಧನೆಗೆ ಬರುತ್ತಿಲ್ಲವೆಂದು ವಿಷಾದಿಸುವವರು ಈ ಲೆಕ್ಕದಿಂದ ಆರಂಭಿಸುವುದು ಒಳ್ಳೆಯದು.

ಇನ್ನು, ಕೆಲಸವನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವುಳ್ಳವರ ಬಗ್ಗೆ ಎರಡು ಮಾತು. ಬಿ.ಎ. ಓದುವಾಗ ನಾನು ಪೂರ್ಣಚಂದ್ರ ತೇಜಸ್ವಿಯವರನ್ನು ಆಸಕ್ತಿಯಿಂದ ಓದಿದೆ. ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದ ಕುವೆಂಪು ಅವರ ಮಗ, ಕನ್ನಡದಲ್ಲಿ ಎಂ.ಎ. ಮಾಡಿದವರು. ಅಧ್ಯಾಪಕ ವೃತ್ತಿ ಅವರಿಗೆ ಸಹಜವಾದ ದಾರಿಯಾಗಿತ್ತು. ಆದರೆ 1960ರ ದಶಕದಲ್ಲಿ ಅವರು ನಮ್ಮ ಮೂಡಿಗೆರೆಗೆ ಬಂದು ಕಾಫಿ ಕೃಷಿಗಿಳಿದರು. 2007ರಲ್ಲಿ ತೀರಿಕೊಳ್ಳುವವರೆಗೂ ಇಲ್ಲಿಯೇ ಇದ್ದರು. ತೋಟವಿದ್ದವರಿಗೆ ಇಂತಹ ಆಯ್ಕೆ ಸಾಧ್ಯ, ಕೂಲಿಯವನಿಗೆ ಎಲ್ಲಿದೆ ಎಂದು ಯಾರಾದರೂ ಕೇಳಿದರೆ ಆ ಆಕ್ಷೇಪ ಸರಿಯೇ. ನನಗೆ ಮುಖ್ಯವೆನಿಸುವುದು ಅವರ ಅಳತೆಗೋಲು. ಕೆಲಸದ ಪದವಿಯನ್ನು ಅವರು ನೋಡಲಿಲ್ಲ, ಆ ಕೆಲಸದ ಸುತ್ತ ಬದುಕುವ ಬದುಕನ್ನು ನೋಡಿದರು. 1980ರಲ್ಲಿ ಬಂದ ಅವರ 'ಕರ್ವಾಲೊ' ಕಾದಂಬರಿಯಲ್ಲಿ ಮಂದಣ್ಣನೆಂಬ ಹುಡುಗನಿದ್ದಾನೆ. ಊರವರ ಕಣ್ಣಿಗೆ ಅವನು ಯಾವುದಕ್ಕೂ ಬಾರದವನು. ವಿಜ್ಞಾನಿ ಕರ್ವಾಲೊ ಅವನಲ್ಲಿ ಹುಟ್ಟು ಪ್ರಕೃತಿವೀಕ್ಷಕನನ್ನು ಕಾಣುತ್ತಾರೆ. ಹಿಂದಿನ ಬೆಂಚಿನ ಮಕ್ಕಳನ್ನು ನೋಡುವಾಗ ನನಗೆ ಮಂದಣ್ಣ ನೆನಪಾಗುತ್ತಾನೆ. ಅಲ್ಲಾಹನು ಪ್ರತಿ ಮಗುವಿಗೂ ಒಂದು ಸಾಮರ್ಥ್ಯವನ್ನು ಅಮಾನತ್ತಾಗಿ ಕೊಟ್ಟಿದ್ದಾನೆ. ಸಂಬಳದ ಪಟ್ಟಿಯನ್ನು ಕೈಯಲ್ಲಿ ಹಿಡಿದು ಮಗುವನ್ನು ನೋಡುವ ಕಣ್ಣಿಗೆ ಅದು ಕಾಣಿಸದು. ಹೆಣ್ಣುಮಕ್ಕಳ ವಿಷಯದಲ್ಲಂತೂ ಹುಡುಕುವ ಮೊದಲೇ ನಾವು ಪುಸ್ತಕ ಮುಚ್ಚುತ್ತೇವೆ. ನಮ್ಮ ಮೊಹಲ್ಲಾಗಳ ಹೆಣ್ಣುಮಕ್ಕಳು ಈಗ ಶಿಕ್ಷಕಿಯರಾಗಿ, ದಾದಿಯರಾಗಿ ಜನರ ಕಣ್ಣೊರೆಸುತ್ತಿದ್ದಾರೆ. ಆ ಬಾಗಿಲು ಇನ್ನಷ್ಟು ತೆರೆಯಲಿ.

ಗಲ್ಫಿನ ದುಡಿಮೆಯನ್ನು ಕುರಿತು ಹಗುರವಾಗಿ ಮಾತನಾಡುವವರನ್ನು ಕಂಡರೆ ನನಗೆ ನೋವಾಗುತ್ತದೆ. ನಮ್ಮ ಊರುಗಳ ಎಷ್ಟೋ ಮಸೀದಿಗಳ ಗೋಡೆ, ಎಷ್ಟೋ ಮನೆಗಳ ಹೆಂಚು ಆ ಬಿಸಿಲಿನಲ್ಲಿ ಬೆಂದವರ ಹಣದಿಂದ ನಿಂತಿವೆ. ಆದರೆ ಖರ್ಚಿನ ಪ್ರಶ್ನೆ ಅಲ್ಲಿಯೂ ಇದೆ, ಏಕೆಂದರೆ ನಾವು ವ್ಯಯಿಸುವುದರಲ್ಲಿ ಹಣದ ಜೊತೆಗೆ ಆಯುಷ್ಯವೂ ಸೇರಿದೆ. ನನ್ನ ಅಣ್ಣ ರಜೆಯಲ್ಲಿ ಬಂದಾಗ ಅವರ ಚಿಕ್ಕ ಮಗಳು ಮೊದಲ ಒಂದು ವಾರ ಅವರ ಬಳಿಗೆ ಹೋಗುತ್ತಿರಲಿಲ್ಲ. ಬಂದವರು ಯಾರೆಂದು ಅವಳಿಗೆ ತಿಳಿಯುತ್ತಿರಲಿಲ್ಲ. ತಿಳಿದು ಅಂಟಿಕೊಳ್ಳುವ ಹೊತ್ತಿಗೆ ರಜೆ ಮುಗಿದಿರುತ್ತಿತ್ತು. ಅಣ್ಣ ಅದನ್ನು ದೂರಿಕೊಂಡವರಲ್ಲ. ಮನೆಗಾಗಿ ಅಷ್ಟು ಬೆಲೆ ತೆತ್ತವರ ಹಣವನ್ನು ಮದುವೆಯ ಅಲಂಕಾರಕ್ಕೂ ನೆಂಟರ ಮುಂದಿನ ಪ್ರದರ್ಶನಕ್ಕೂ ಸುರಿಯುವಾಗ, ಊರಿನಲ್ಲಿರುವ ನಾವು ಕರಗಿಸುತ್ತಿರುವುದು ಬರಿಯ ಹಣವನ್ನಲ್ಲ, ಒಂದು ಮಗುವಿನ ಬಾಲ್ಯದಿಂದ ಕಳೆದ ದಿನಗಳನ್ನು. ದೂರದಲ್ಲಿ ದುಡಿಯುವವರು ಉತ್ತರಿಸಬೇಕಾದಷ್ಟೇ ಊರಿನಲ್ಲಿ ಖರ್ಚು ಮಾಡುವವರೂ ಉತ್ತರಿಸಬೇಕು.

ಆದ್ದರಿಂದ ಪ್ರಿಯ ಹೆತ್ತವರೇ, ಸಂಬಳವನ್ನು ಕೇಳಬೇಡಿರೆಂದು ನಾನು ಹೇಳುವುದಿಲ್ಲ. ಕೇಳಿರಿ. ಅದಕ್ಕೂ ಮೊದಲು ಇನ್ನು ಕೆಲವು ಮಾತುಗಳನ್ನು ಕೇಳಿರಿ. ಈ ಕೆಲಸದಲ್ಲಿ ಯಾರಿಗಾದರೂ ವಂಚಿಸಬೇಕಾಗುತ್ತದೆಯೇ? ಇದು ಯಾರ ಅಗತ್ಯವನ್ನು ಪೂರೈಸುತ್ತದೆ? ನಮಾಝಿಗೂ ಮಡದಿ ಮಕ್ಕಳಿಗೂ ಇದರಲ್ಲಿ ಹೊತ್ತು ಉಳಿಯುತ್ತದೆಯೇ? ಕೆಲಸ ನಿಂತುಹೋದರೂ ಕೈಯಲ್ಲಿ ಉಳಿಯುವ ವಿದ್ಯೆಯೊಂದನ್ನು ಇದು ಕಲಿಸುತ್ತದೆಯೇ? ಕುದುರೆಮುಖ ಮುಚ್ಚಿದಾಗ ಕೈಯಲ್ಲಿ ಕಸುಬಿದ್ದವರು ಬೇರೆಡೆ ಎದ್ದು ನಿಂತರು ಎಂಬುದನ್ನು ನೆನಪಿಡಿ. ಇವೆಲ್ಲಕ್ಕೂ ಉತ್ತರ ಸಿಕ್ಕಿದ ಮೇಲೆ ಸಂಬಳದ ಅಂಕಿಯನ್ನು ನೋಡಿದರೆ, ಅದು ತನ್ನ ಸರಿಯಾದ ಗಾತ್ರದಲ್ಲಿ ಕಾಣುತ್ತದೆ.

ಬಾಳೆಹೊನ್ನೂರಿನ ಬಳಿ 1925ರಲ್ಲಿ ಕಾಫಿ ಸಂಶೋಧನಾ ಕೇಂದ್ರ ಆರಂಭವಾಯಿತು. ಅಲ್ಲಿ ವರ್ಷಗಟ್ಟಲೆ ತಳಿಗಳನ್ನು ಕೂಡಿಸಿ, ಕಾದು, ಪರೀಕ್ಷಿಸಿ ರೂಪಿಸಿದ ಎಸ್.795 ಎಂಬ ಅರೇಬಿಕಾ ತಳಿ 1940ರ ದಶಕದಲ್ಲಿ ಹೊರಬಂತು. ಇಂದಿಗೂ ನಮ್ಮ ಬೆಟ್ಟಗಳಲ್ಲಿ ಅದನ್ನು ಬೆಳೆಯುತ್ತಾರೆ. ಅದರ ಹಿಂದೆ ದುಡಿದವರ ಹೆಸರನ್ನು ಬೆಳೆಗಾರರಲ್ಲಿ ಕೇಳಿದರೆ ಹೇಳುವವರು ವಿರಳ. ಅವರು ಪಡೆದ ಸಂಬಳ ಯಾರಿಗೂ ನೆನಪಿಲ್ಲ, ಅವರು ಕೂಡಿಸಿದ ತಳಿ ಮಾತ್ರ ಪ್ರತಿವರ್ಷ ಹೂ ಬಿಡುತ್ತಿದೆ. ಅಂತ್ಯದಿನ ಬಂದೇಬಿಟ್ಟರೂ ಕೈಯಲ್ಲಿ ಒಂದು ಸಸಿಯಿದ್ದು ಅದನ್ನು ನೆಡಲು ಸಾಧ್ಯವಿದ್ದರೆ ನೆಟ್ಟುಬಿಡಬೇಕೆಂದು ಪ್ರವಾದಿವರ್ಯರು (ಸ) ಕಲಿಸಿದ್ದಾರೆ. ಆ ಸಸಿಯ ಫಲವನ್ನು ಯಾರು ಉಣ್ಣುವರು, ಅದಕ್ಕೆ ಎಷ್ಟು ಬೆಲೆ ಸಿಗುವುದು ಎಂದು ಅಲ್ಲಿ ಕೇಳಿಲ್ಲ. ನೆಡುವ ಕೈ ಶುದ್ಧವಾಗಿರಲಿ, ನೆಟ್ಟ ಸಸಿ ಯಾರಿಗಾದರೂ ನೆರಳಾಗಲಿ. ನಮ್ಮ ಮಕ್ಕಳಿಗೆ ಹಲಾಲಾದ, ಸಾಕಾಗುವಷ್ಟು ಜೀವನಾಧಾರವನ್ನೂ ಅದನ್ನು ಸರಿಯಾದ ಬಾಗಿಲಿನಿಂದ ಹೊರಗೆ ಕಳುಹಿಸುವ ಮನಸ್ಸನ್ನೂ ಅಲ್ಲಾಹನು ದಯಪಾಲಿಸಲಿ. ಆಮೀನ್.